ಎರಡೂ ಬೀಜ (ವೃಷಣ) ಒಂದೇ ಕಡೆ ಇವೆಯಂತೆ, ಹೀಗೂ ಇರುತ್ತಾ?

ಹತ್ತು ತಿಂಗಳ ಮಗನಿಗೆ ಬಲಗಡೆ ಚೀಲ ಖಾಲಿ, ಎಡ ತೊಡೆಸಂದಿನಲ್ಲಿ ಹರ್ನಿಯಾದ (ಹೊಟ್ಟೆಯೊಳಗಿನದು ಸಂದಿನಿಂದ ಹೊರಚಾಚುವ) ಊತ, ಎರಡೂ ಬೀಜ ಎಡಗಡೆಯೇ ಇವೆ ಅಂತ ಸ್ಕ್ಯಾನ್ ವರದಿ. ಹೀಗೂ ಇರುತ್ತಾ ಅಂತ ಕೇಳಿದ್ದೀರಿ. ಇರುತ್ತದೆ, ಆದರೆ ಬಹಳ ಅಪರೂಪ.

ನಾನು ಮಕ್ಕಳ ಸರ್ಜನ್. ಇಷ್ಟು ವರ್ಷದಲ್ಲಿ ಇದನ್ನು ಕಂಡಿದ್ದು ಎರಡೇ ಸಲ. ಮೊದಲ ಸಲ ಅದು ಗೊತ್ತಾಗಿದ್ದೇ ಹರ್ನಿಯಾ ಆಪರೇಷನ್ ಟೇಬಲ್ ಮೇಲೆ. ಒಂದು ಬೀಜದ ಹಿಂದೆಯೇ ಇನ್ನೊಂದು! "ಮೂರನೇದಾ ಸಾರ್?" ಅಂದರು ಸಿಸ್ಟರ್. ಅಲ್ಲ. ಬಲಗಡೆಯದು ದಾರಿ ತಪ್ಪಿ ಎಡಕ್ಕೆ ಬಂದಿತ್ತು. ಇದಕ್ಕೆ ಟ್ರಾನ್ಸ್‌ವರ್ಸ್ ಟೆಸ್ಟಿಕ್ಯುಲರ್ ಎಕ್ಟೋಪಿಯಾ ಅನ್ನುತ್ತಾರೆ. 1886ರಲ್ಲೇ ದಾಖಲಾದ ತೊಂದರೆ.

ಆಪರೇಷನ್ ಹೊತ್ತಿಗೆ ಇನ್ನೊಂದು ವಿಷಯ ಕಿವಿಗೆ ಬೀಳಬಹುದು, ಈಗಲೇ ಹೇಳಿಬಿಡುತ್ತೇನೆ. ಇಂಥ ಕೆಲವು ಮಕ್ಕಳ ಹೊಟ್ಟೆಯಲ್ಲಿ ಗರ್ಭಕೋಶದಂಥ ಚಿಕ್ಕ ಭಾಗವೂ ಸಿಗುತ್ತದೆ. ಮನೆಯವರು ಕುಸಿದು ಹೋಗುವುದು ಇಲ್ಲೇ. ಗಂಡಾಗಲಿ ಹೆಣ್ಣಾಗಲಿ, ಭ್ರೂಣದಲ್ಲಿ ಮೊದಲು ಅದರ ಮೊಳಕೆ ಇದ್ದೇ ಇರುತ್ತದೆ. ಗಂಡುಮಗುವಿನ ಬೀಜದಿಂದ ಬರುವ ಎಎಂಎಚ್ ಎಂಬ ಹಾರ್ಮೋನ್ ಅದನ್ನು ಕರಗಿಸುತ್ತದೆ. ಆ ಹಾರ್ಮೋನ್ ಕೆಲಸ ಮಾಡದಿದ್ದರೆ ಅದು ಉಳಿದುಬಿಡುತ್ತದೆ, ಅಷ್ಟೇ. ಮಗು ಗಂಡೇ. ಖಚಿತಕ್ಕೆ ಕ್ರೋಮೋಸೋಮ್ ಪರೀಕ್ಷೆ ಮಾಡಿಸುತ್ತಾರೆ. ಉಳಿದ ಭಾಗವನ್ನು ಕಂಡ ತಕ್ಷಣ ಕಿತ್ತು ಹಾಕುವಂತಿಲ್ಲ. ವೀರ್ಯದ ನಾಳ ಅದಕ್ಕೇ ಅಂಟಿಕೊಂಡು ಸಾಗಿರುತ್ತದೆ. ಅವಸರ ಮಾಡಿದರೆ ನಾಳವೂ ಹೋಗುತ್ತದೆ.

ಆದ್ದರಿಂದ ನಾನಾದರೆ ಮೊದಲು ಲ್ಯಾಪ್ರೋಸ್ಕೋಪಿ ಮಾಡುತ್ತೇನೆ. ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿದರೆ ಎರಡೂ ಬೀಜದ ರಕ್ತನಾಳ ಎಲ್ಲಿಂದ ಬಂದಿವೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಸ್ಕ್ಯಾನ್ ಅಷ್ಟು ಹೇಳುವುದಿಲ್ಲ, ಸುಮ್ನೆ ಮತ್ತೆ ಮತ್ತೆ ಮಾಡಿಸಬೇಡಿ. ಆಮೇಲೆ ಹರ್ನಿಯಾ ಮುಚ್ಚಿ, ಚೀಲದ ನಡುವಿನ ಗೋಡೆಯಲ್ಲಿ ಕಿಂಡಿ ಮಾಡಿ, ಬಲಗಡೆಯ ಬೀಜವನ್ನು ಅದರ ಮನೆಗೆ ದಾಟಿಸುತ್ತೇವೆ. ಬೀಜದ ರಕ್ತನಾಳ ಗಿಡ್ಡವಿದ್ದರೆ ವಿಧಾನ ಬದಲಾಗುತ್ತದೆ.

"ಬೀಜ ತಾನಾಗೇ ಚೀಲಕ್ಕೆ ಇಳಿಯುತ್ತೆ ಬಿಡಿ" ಅಂತ ಮನೆಯಲ್ಲಿ ಅಜ್ಜಿ ಹೇಳುತ್ತಿರಬಹುದು, ಅಲ್ವಾ? ಆರು ತಿಂಗಳ ಮೇಲೆ ಇಳಿಯುವುದು ತೀರಾ ಕಡಿಮೆ. ಈ ಆಪರೇಷನ್‌ಗೆ 6ರಿಂದ 18 ತಿಂಗಳ ವಯಸ್ಸು ಸರಿಯಾದ ಕಾಲ. ತಡವಾದಷ್ಟೂ ಮುಂದೆ ಮಕ್ಕಳಾಗುವ ಶಕ್ತಿಗೆ ಪೆಟ್ಟು. ಕ್ಯಾನ್ಸರ್ ಅಪಾಯವೂ ಸ್ವಲ್ಪ ಜಾಸ್ತಿ. ಹುಡುಗ ದೊಡ್ಡವನಾದ ಮೇಲೆ ಗಂಟು ಬಂದಿದೆಯಾ ಅಂತ ತಾನೇ ಮುಟ್ಟಿ ನೋಡಿಕೊಳ್ಳಲು ಕಲಿಸಿ.

ಡೇಟ್ ಸಿಗುವ ತನಕ ಎಡಗಡೆ ಊತದ ಮೇಲೆ ಕಣ್ಣಿಡಿ. ಅದು ಗಟ್ಟಿಯಾಗಿ, ಒಳಗೆ ಹೋಗದೆ, ಮಗು ಅಳು ನಿಲ್ಲಿಸದೆ ವಾಂತಿ ಮಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಎಮರ್ಜೆನ್ಸಿಗೆ ಎತ್ತಿಕೊಂಡು ಹೋಗಿ.