ಕೊನೆಗೌಡನಿಗೆ ಯಾರೂ ಸೇವೆ ಎನ್ನುವುದಿಲ್ಲ

ಹೊನ್ನಾವರ ತಾಲೂಕಿನ ಓದುಗರೊಬ್ಬರ ಪತ್ರದ ಸಾರ (ಹೆಸರು ಬೇಡವೆಂದಿದ್ದಾರೆ): "ಬುದ್ಧಿಮಾಂದ್ಯತೆ, ಆಟಿಸಂ ಇರುವವರ ವಸತಿ ಕೇಂದ್ರದಲ್ಲಿ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಯಾರಾದರೂ ಉದ್ರೇಕಗೊಂಡು ತಲೆ ಚಚ್ಚಿಕೊಂಡರೆ, ಹೊಡೆಯಲು ಬಂದರೆ ನನ್ನನ್ನೇ ಕರೆಯುತ್ತಾರೆ. ಕಳೆದ ತಿಂಗಳು 19 ವರ್ಷದ ಹುಡುಗ ಮುಂಗೈ ಕಚ್ಚಿದ. ತರಬೇತಿ ಕೊಡಿಸಿ, ಸಂಬಳ ಹೆಚ್ಚಿಸಿ ಎಂದು ಕೇಳಿದ್ದಕ್ಕೆ 'ಇದು ಸೇವೆ, ಲೆಕ್ಕ ಹಾಕಬಾರದು' ಎಂದರು. ಬಿಟ್ಟು ಬಂದು ಬಿ.ಎಡ್. ಮಾಡು ಎಂದು ಅಪ್ಪ ಹೇಳುತ್ತಾರೆ. ಸೇವೆಗೆ ಸಂಬಳ ಕೇಳುವುದು ತಪ್ಪೇ?"

ತಂಗೀ, ತಪ್ಪಲ್ಲ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸುವ ಜಾಯಮಾನ ನನ್ನದಲ್ಲವೆಂದು ಹಳೆಯ ಓದುಗರಿಗೆ ಗೊತ್ತು.

ಮೊದಲು ನಿಮ್ಮ ಮುಖ್ಯಸ್ಥರ ಪರವಾಗಿ ಒಂದು ಮಾತು. ಒಬ್ಬರ ಹುಟ್ಟುಹಬ್ಬ, ಇನ್ನೊಬ್ಬರ ತಿಥಿ ಎಂದು ದಾನಿಗಳನ್ನು ಹುಡುಕಿ ಅಕ್ಕಿಬೇಳೆ ಹೊಂದಿಸುವ ಕಷ್ಟ ಸಣ್ಣದಲ್ಲ. ಸೇವಾಭಾವ ಇಲ್ಲದಿದ್ದರೆ ಇಂಥ ಕಟ್ಟಡಗಳು ಏಳುವುದೇ ಇಲ್ಲ, ಒಪ್ಪಿದೆ. ಆದರೆ ಆ ಭಾವ ಇರಬೇಕಾದದ್ದು ಕೇಂದ್ರ ಕಟ್ಟಿದವರ ಎದೆಯಲ್ಲಿ. ಅದನ್ನು ಕೆಲಸಕ್ಕೆ ಬಂದವರ ಸಂಬಳದಿಂದ ಮುರಿದುಕೊಳ್ಳುವುದು ಯಾವ ನ್ಯಾಯ?

ನಮ್ಮ ಶಿರಸಿ ಸೀಮೆಯ ಅಡಿಕೆ ಕೊನೆಕೊಯ್ಲು ನೋಡಿ. ಕೊನೆಗೌಡನಿಗೆ ಹಿಂದಿನ ದಿನವೇ ಫೋನು, ಬೆಳಿಗ್ಗೆ ಕರೆತರಲು ಬೈಕು, ಬಂದೊಡನೆ ತಿಂಡಿ. ಮರದಿಂದ ಮರಕ್ಕೆ ಜೀಕಿ ಕೊನೆ ಇಳಿಸುವ ಆತ ಕೇಳಿದಷ್ಟು ಕೂಲಿಯನ್ನು, ಗೊಣಗಿಕೊಂಡೇ ಆದರೂ, ಕೊಡುತ್ತೇವೆ. ಬಿದ್ದರೆ ಸೊಂಟ ಮುರಿಯುತ್ತದೆ, ಆ ಕೈಚಳಕ ನಮಗೆ ಬಾರದು ಎಂಬುದು ಕಣ್ಣಿಗೆ ಕಾಣುತ್ತದೆ. ನಿಮ್ಮ ಕೈಚಳಕ ಕಾಣುವುದಿಲ್ಲ. ಅದು ಚೆನ್ನಾಗಿ ನಡೆದ ದಿನ ಕೇಂದ್ರದಲ್ಲಿ ಏನೂ ನಡೆದಿರುವುದಿಲ್ಲ, ಅಷ್ಟೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಮಾತು ಬಾರದ ಹುಡುಗನೊಬ್ಬ ಸಂಜೆಯಾದರೆ ಎಡಗೆನ್ನೆಗೆ ಹೊಡೆದುಕೊಳ್ಳುತ್ತಿದ್ದ. ಹರಕೆ, ತಾಯಿತ, ನಿದ್ದೆ ಮಾತ್ರೆ, ಎಲ್ಲವೂ ಆದವು. ಒಂದು ದಿನ ನಾನೇ 'ಹಟ' ಎಂದು ತೀರ್ಪು ಕೊಟ್ಟು ಅವನ ಎರಡೂ ಕೈ ಬಿಗಿಹಿಡಿದು ಕೂರಿಸಿದೆ. ಅವನ ಗಂಟಲಿನಿಂದ ಹೊರಟ ಸದ್ದು ಇನ್ನೂ ಮರೆತಿಲ್ಲ. ಆಮೇಲೆ ನಿಮ್ಮಂಥ ಒಬ್ಬ ಹೆಣ್ಣುಮಗಳು ಬಂದಳು. ಮೂರು ಸಂಜೆ ಅಡುಗೆಮನೆಯ ಹೊಸ್ತಿಲ ಬಳಿ ಸುಮ್ಮನೆ ಕುಳಿತು, ಹೊಡೆತಕ್ಕೆ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಬರೆದುಕೊಂಡಳು. ಬಿಸಿ ಹಾಲಿನ ಲೋಟ ಕಂಡೊಡನೆ ಕೈ ಏಳುತ್ತಿತ್ತು. ದಂತವೈದ್ಯರು ನೋಡಿದರೆ, ಎಡ ದವಡೆಯ ಹಲ್ಲು ಬೇರಿನವರೆಗೆ ಹುಳುಕು! ಹಲ್ಲು ಕಿತ್ತರು, ಹೊಡೆತ ನಿಂತಿತು. ಹಲ್ಲುನೋವು, ಕಿವಿನೋವು, ಮಲಬದ್ಧತೆ ಎಷ್ಟೋ ಬಾರಿ ಹೀಗೆ ಸಿಟ್ಟಿನ ವೇಷದಲ್ಲಿ ಬರುತ್ತವೆ. ಅಡಿಕೆಯ ಮಿಳ್ಳೆ (ಎಳೆಗಾಯಿ) ಉದುರಿದರೆ ಕೊಳೆರೋಗವೋ, ಬುಡದಲ್ಲಿ ನೀರು ನಿಂತಿದೆಯೋ ಎಂದು ತೋಟವೆಲ್ಲ ತಡಕಾಡುತ್ತೇವೆ. ಮರಕ್ಕೆ ಹಟ ಎನ್ನುವುದಿಲ್ಲ.

ನಿಮ್ಮ ಮೇಲೂ ಸ್ವಲ್ಪ ಸಿಟ್ಟಿದೆ. ಕಚ್ಚಿದ ಗಾಯಕ್ಕೆ ನಾಲ್ಕು ದಿನ ಅರಿಶಿನ ಹಚ್ಚಿಕೊಂಡಿದ್ದೆ ಎಂದು ಬರೆದಿದ್ದೀರಿ. ಮನುಷ್ಯರ ಕಡಿತ ಬೇಗ ಕೀವಾಗುತ್ತದೆ. ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕಿತ್ತು. ಕೈ ಕಿತ್ತುಕೊಂಡೆ ಎಂದೂ ಬರೆದಿದ್ದೀರಿ. ಎಳೆದರೆ ಚರ್ಮ ಹರಿಯುತ್ತದೆ. ಬಾಯಿಯ ಕಡೆಗೇ ಮೆಲ್ಲನೆ ಒತ್ತಿದರೆ ಹಿಡಿತ ಸಡಿಲುತ್ತದೆ. ಕೂದಲಿಗೆ ಕೈ ಹಾಕಿದರೆ ಆ ಮುಷ್ಟಿಯನ್ನು ನಿಮ್ಮ ತಲೆಗೇ ಒತ್ತಿ ಹಿಡಿಯಬೇಕು. ದನಿ ತಗ್ಗಿರಬೇಕು, ಮಾತು ಎರಡೋ ಮೂರೋ ಸಾಕು, ಎದುರಿಗಲ್ಲದೆ ಓರೆಯಾಗಿ ನಿಲ್ಲಬೇಕು, ಬಾಗಿಲಿಗೆ ಅಡ್ಡವಾಗಬಾರದು. ಬೋರಲು ಕೆಡವಿ ಬೆನ್ನ ಮೇಲೆ ಕೂರುವುದಂತೂ ಉಸಿರುಗಟ್ಟಿಸಿ ಕೊಲ್ಲಬಲ್ಲದು. ಇವನ್ನೆಲ್ಲ ನಾಲ್ಕು ದಿನ ಕೂರಿಸಿ ಕಲಿಸಬಹುದು. ಕಲಿಸದೆ 'ಸೇವೆ' ಎಂದವರು ನಿಮ್ಮ ಜೊತೆಗೆ ಆ ಹುಡುಗನನ್ನೂ ಅಪಾಯಕ್ಕೆ ಒಡ್ಡಿದ್ದಾರೆ.

ಕಾಗದದಲ್ಲಿ ನಮಗೇನೂ ಕೊರತೆಯಿಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು; 2016ರ ಕಾಯ್ದೆಯಲ್ಲಿ 21, ಆಟಿಸಂ ಕೂಡ ಸೇರಿತು. ಹೆಸರುಗಳೂ ಏರುತ್ತ ಹೋದವು: ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ಹೆಸರಿಡಲು ಖರ್ಚಿಲ್ಲವಲ್ಲ! ಗ್ರಾಮ ಪಂಚಾಯಿತಿಗಳಲ್ಲಿ ಇವರಿಗಾಗಿಯೇ ಇರುವ ಪುನರ್ವಸತಿ ಕಾರ್ಯಕರ್ತರಿಗೆ ಸಿಗುವುದು 'ಗೌರವಧನ'. ಸಂಬಳ ಎಂದರೆ ರಜೆ, ಭವಿಷ್ಯನಿಧಿ ಎಂದು ಕೇಳಿಬಿಡುತ್ತಾರೆಂಬ ಹೆದರಿಕೆ ಇರಬೇಕು.

ಇನ್ನು ರಾತ್ರಿ ಹನ್ನೊಂದಕ್ಕೆ ಹುಡುಗ ಹತೋಟಿ ತಪ್ಪಿದರೆ? 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ. 2022ರಲ್ಲಿ ಆರಂಭವಾದ ಒಳ್ಳೆಯ ವ್ಯವಸ್ಥೆ. ಅದಕ್ಕೂ ಮೀರಿದರೆ ಧಾರವಾಡಕ್ಕೋ ಮಣಿಪಾಲಕ್ಕೋ ಓಡಬೇಕು. ಸದ್ದಿಗೇ ಕಂಗೆಡುವ ಹುಡುಗನನ್ನು ಸೈರನ್ ಹಾಕಿಕೊಂಡು ಘಟ್ಟ ಹತ್ತಿಸುವುದನ್ನು ಯೋಚಿಸಿ. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ ಕರಾವಳಿಯ ದಾರಿಯೂ ಮುಚ್ಚಿತ್ತು. ಜಿಲ್ಲೆಗೊಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಬೊಬ್ಬೆ ಹೊಡೆಯುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ. ಆದರೆ ನಾವು ಬರೆದ ಮನವಿಗಳಲ್ಲಿ ಟ್ಯೂಬ್‌ಲೈಟ್ ಆರಿಸಬಹುದಾದ, ಸದ್ದಿಲ್ಲದ ಒಂದು ಕೋಣೆಯನ್ನು ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ.

ಅಪ್ಪನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬಿ.ಎಡ್.ನಲ್ಲಿ ವಿಶೇಷ ಶಿಕ್ಷಣದ್ದೂ ಒಂದಿದೆ. ಅದು ಮುಗಿದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪಡೆಯಬಹುದು. ಆ ಮೇಲೆ ಅದೇ ಕೇಂದ್ರಕ್ಕೆ ಹೋದರೂ, ಸಂಬಳದ ಮಾತಿಗೆ ಕುರ್ಚಿ ಎಳೆದು ಕೂರಬಹುದು.

ಪ್ರತಿ ಘಟನೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ ಎಂದಿದ್ದೀರಲ್ಲ, ಅದರ ನಾಲ್ಕು ಪುಟಗಳನ್ನು ಹೆಸರು ಗುರುತು ತೆಗೆದು ಕಳಿಸಿಕೊಡಿ, ಪ್ರಕಟಿಸುತ್ತೇನೆ. ನಮ್ಮ ಪತ್ರಿಕೆಯೂ ಲೇಖಕರಿಗೆ ಇದುವರೆಗೆ ಕಳಿಸಿದ್ದು 'ಗೌರವಧನ'ವನ್ನೇ. ನಿಮ್ಮ ಚೆಕ್ಕಿನ ಜೊತೆಯ ಚೀಟಿಯಲ್ಲಿ ಆ ಪದ ಹೊಡೆದುಹಾಕಿ 'ಕೂಲಿ' ಎಂದು ಬರೆಯುವಂತೆ ಗುಮಾಸ್ತರಿಗೆ ಹೇಳಿದ್ದೇನೆ. ಮೊತ್ತ ಎಷ್ಟೆಂದು ಅವರು ಕೇಳಿದ್ದಾರೆ; ನೀವೇ ತಿಳಿಸಿ.

– ಸಂಪಾದಕ