ಸೈನಿಕನ ವೇಷದಲ್ಲಿ ತೆಗೆದ ಫೋಟೋಗಳನ್ನು ಎಡಿಟ್ ಮಾಡಿ ಸರಿ ಮಾಡಬಹುದಾ?

ಆಗುಂಬೆ ಹತ್ತಿರದ ಕಾಡಂಚಿನಲ್ಲಿ ತಮ್ಮನಿಗೆ ಮಿಲಿಟರಿ ಬಟ್ಟೆ ಹಾಕಿಸಿ ಫೋಟೋ ತೆಗೆದಿದ್ದೀರಿ. ಅವು ಸ್ಕೂಲ್ ಡೇ ವೇಷದ ಹಾಗೆ ಕಾಣುತ್ತಿವೆ, ಲೈಟ್‌ರೂಮ್ ಅನ್ನೋ ಎಡಿಟಿಂಗ್ ಆ್ಯಪ್‌ನಲ್ಲಿ ಏನು ಮಾಡಲಿ ಅಂತ ಕೇಳಿದ್ದೀರಿ. ತೀರ್ಥಹಳ್ಳಿಯ ನನ್ನ ಸ್ಟುಡಿಯೋಗೂ ಇಂಥ ಫೋಟೋ ಬೇಕು ಅಂತ ಹುಡುಗರು ಬರುತ್ತಿರುತ್ತಾರೆ. ನೀವು ಹಾಕಿದ ಫೋಟೋ ನೋಡಿದೆ. ಅರ್ಧ ಕೆಲಸ ಎಡಿಟಿಂಗ್‌ನಲ್ಲಿ ಆಗುತ್ತದೆ, ಉಳಿದದ್ದು ಆಗುವುದಿಲ್ಲ.

ದೊಡ್ಡ ತೊಂದರೆ ಹಸಿರು. ಮಳೆಗಾಲದಲ್ಲಿ ನಮ್ಮ ಕಡೆ ಮರದಡಿ ನಿಂತರೆ ಎಲೆಗಳಿಂದ ಸೋಸಿ ಬರುವ ಬೆಳಕು ಮುಖಕ್ಕೂ ಹಸಿರು ಹತ್ತಿಸುತ್ತದೆ. ಬಟ್ಟೆ, ಹಿನ್ನೆಲೆ, ಮುಖ ಎಲ್ಲ ಒಂದೇ ಆಗಿಬಿಡುತ್ತದೆ. ಆ್ಯಪ್‌ನ ಮಾಸ್ಕ್‌ನಿಂದ ಮುಖವನ್ನು ಮಾತ್ರ ಆಯ್ದುಕೊಂಡು, ಟಿಂಟ್ (ಹಸಿರು-ಮೆಜೆಂಟಾ ಛಾಯೆ) ಅನ್ನು ಮೆಜೆಂಟಾ ಕಡೆ ಸ್ವಲ್ಪ ಎಳೆಯಿರಿ. ಆಮೇಲೆ ಹಿನ್ನೆಲೆಯ ಹಸಿರಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸಿ, ಲ್ಯೂಮಿನನ್ಸ್ (ಬಣ್ಣದ ಹೊಳಪು) ಕೂಡ ಇಳಿಸಿ. ಮುಖ ಎದ್ದು ಬರುತ್ತದೆ. ಕ್ಲಾರಿಟಿ ಜಾಸ್ತಿ ಏರಿಸಿದರೆ ಚರ್ಮ ಒರಟಾಗುತ್ತದೆ, ಹುಷಾರು. ನೆಟ್ಟಿನಿಂದ ತಂದ ಬೆಂಕಿ, ಕಿಡಿ ಅಂಟಿಸೋದು ಬೇಡವೇ ಬೇಡ. ಹಿಂದೆ ಬೆಂಕಿ ಉರಿಯುತ್ತಿದ್ದರೆ ಅದರ ಬೆಳಕು ಭುಜದ ಮೇಲಾದರೂ ಬೀಳಬೇಕು ಅಲ್ವಾ?

ಸಾಧ್ಯವಾದರೆ ಇನ್ನೊಮ್ಮೆ ತೆಗೆಯಿರಿ. ಜಂಬಿಟ್ಟಿಗೆ ಕಡಿದು ಬಿಟ್ಟ ಹಳೇ ಕ್ವಾರಿ ಇದ್ದರೆ ಮಾಲೀಕರನ್ನು ಕೇಳಿ ಹೋಗಿ. ಆ ಕೆಂಪು ಗೋಡೆ ಮುಂದೆ ಹಸಿರು ಬಟ್ಟೆ ತಾನಾಗಿಯೇ ಬೇರೆ ಕಾಣುತ್ತದೆ. ಬೆಳಗಿನ ಮಂಜಿನಲ್ಲಿ ಹೋದರೆ ಇನ್ನೂ ಚೆನ್ನ. ಮಂಜೇ ಹಿಂದಿನ ಮರಗಳನ್ನು ಮಸುಕು ಮಾಡುತ್ತದೆ, ಲೆನ್ಸಿನ ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್ 4 ಇಟ್ಟರೆ ಸಾಕು. ಕವಲೇದುರ್ಗ ಎಲ್ಲರಿಗೂ ನೆನಪಾಗುತ್ತದೆ. ಆದರೆ ಅದು ಕೆಳದಿ ನಾಯಕರ ಕೋಟೆ, ಇವತ್ತಿನ ಕಮಾಂಡೋ ಬಟ್ಟೆ ಅಲ್ಲಿ ಹೊಂದುವುದಿಲ್ಲ. ಕೆಳದಿ ಸೈನಿಕನ ವೇಷ ಹಾಕಿಸುವುದಾದರೆ ಮಾತ್ರ, ಅನುಮತಿ ಕೇಳಿಕೊಂಡು, ಅಲ್ಲಿಗೇ ಹೋಗಿ.

ಬಟ್ಟೆಯಲ್ಲಿ ಇಸ್ತ್ರಿ ಗೆರೆ ಕಾಣಬಾರದು. ಕೆಸರು ಬೂಟಿಗೆ, ಮೊಣಕಾಲಿಗೆ, ಮೊಣಕೈಗೆ ಇರಲಿ, ಅಂದರೆ ನೆಲ ತಾಗುವ ಕಡೆ. ಮುಖಕ್ಕೆ ಮಾತ್ರ ಮಸಿ ಬಳಿದದ್ದು ನಿಮ್ಮ ಫೋಟೋವನ್ನು ಕೆಡಿಸಿದೆ. ತಮ್ಮನನ್ನು ಸುಮ್ನೆ ನಿಲ್ಲಿಸಬೇಡಿ. ಲೇಸ್ ಕಟ್ಟಲಿ, ನೀರು ಕುಡಿಯಲಿ. ಕೈಗೆ ಕೆಲಸ ಸಿಕ್ಕರೆ ಮುಖ ಸಡಿಲವಾಗುತ್ತದೆ.

ಪದಕ, ಸ್ಟಾರ್ ತೆಗೆದುಬಿಡಿ. ಅವು ಗಳಿಸಿದವರಿಗೆ ಸೇರಿದ್ದು. ಸೇನೆ 2022ರಲ್ಲಿ ತಂದ ಹೊಸ ಮಾದರಿಯ ಬಟ್ಟೆಯನ್ನೂ ಹಾಕಿಸಬೇಡಿ. ಜನ ಸೈನಿಕ ಎಂದೇ ನಂಬಲಿ ಅಂತ ಅಂಥ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ಸಾದಾ ಆಲಿವ್ ಬಣ್ಣದ ಪ್ಯಾಂಟು ಶರ್ಟು ಸಾಕು. ಹಾಕಿಕೊಂಡವರು ನಟರು ಅಂತ ಫೋಟೋ ಜೊತೆ ಬರೆಯಿರಿ.

ಆಟಿಕೆ ಬಂದೂಕಿನ ವಿಷಯದಲ್ಲಿ ದಯವಿಟ್ಟು ಎಚ್ಚರ. ಆಗುಂಬೆ, ತೀರ್ಥಹಳ್ಳಿ ಕಡೆಯ ಊರುಗಳು ನಕ್ಸಲ್ ನಿಗ್ರಹ ಪಡೆಯ ಕೂಂಬಿಂಗ್ ನೋಡಿವೆ. ಬಂದೂಕು ಹಿಡಿದವನು ತೋಟದಂಚಿನಲ್ಲಿ ಕಂಡರೆ ಒಂಟಿ ಮನೆಯವರಿಗೆ ನಿಜಕ್ಕೂ ಭಯವಾಗುತ್ತದೆ. ಹಿಂದಿನ ದಿನವೇ ಅಕ್ಕಪಕ್ಕದ ಮನೆಗಳಿಗೆ, ಹತ್ತಿರದ ಠಾಣೆಗೆ ಹೇಳಿ ಬನ್ನಿ. ಜಾಗ ತಲುಪುವವರೆಗೂ ಆಟಿಕೆ ಬಂದೂಕು ಚೀಲದೊಳಗೇ ಇರಲಿ.