ದೊಡ್ಡ ರೇಡಿಯೇಟರ್ ಹಾಕಿದ ಮೇಲೆ ಒಳಗೆ ಉಳಿದ ಗಾಳಿ

ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿದ ಮೇಲೆ ಹೀಟರ್‌ನಿಂದ ತಣ್ಣನೆಯ ಗಾಳಿ ಬರುತ್ತಿದೆ, ತಾಪದ ಮುಳ್ಳು ಏರುತ್ತಿದೆ, ಆದರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ತುಂಬಿಯೇ ಇದೆ ಎಂದು ಬರೆದಿದ್ದೀರಿ. ಒಳಗೆ ಗಾಳಿ ಸಿಕ್ಕಿಕೊಂಡಿರುವ ಲಕ್ಷಣವಿದು. ಅದು ಹೋಗುವವರೆಗೆ ದಯವಿಟ್ಟು ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಮೊದಲು ನೋಡಬೇಕಾದದ್ದು ಎತ್ತರ. ಹೊಸ ರೇಡಿಯೇಟರ್‌ನ ಬಾಯಿ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರ್‌ಗೆ ಹರಿಯಬಿಡುವ ಕವಾಟ) ಇರುವ ಜಾಗಕ್ಕಿಂತ ಕೆಳಗಿದೆಯೇ? ಹಾಗಿದ್ದರೆ ಎಷ್ಟು ಸುರಿದರೂ ಗಾಳಿ ಎಂಜಿನ್ನಿನ ತಲೆಯಲ್ಲೇ ಕೂತಿರುತ್ತದೆ. ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು. ಇಡೀ ಮಧ್ಯಾಹ್ನ ಹೆಣಗಿದ ಮೇಲೆ ಮುಂಭಾಗವನ್ನು ಎತ್ತಿ ನಿಲ್ಲಿಸಿದೆ, ಆಗ ಗುಳುಗುಳು ಎಂದು ಗುಳ್ಳೆಗಳು ಬಂದವು.

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮುಚ್ಚಳ ತೆಗೆಯಿರಿ; ಬಿಸಿಯಲ್ಲಿ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಮುಂದಿನ ಚಕ್ರಗಳನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಎತ್ತಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬಾಯಿಗೆ ಬಿಗಿಯಾಗಿ ಕೂರುವ ಎತ್ತರದ ಆಲಿಕೆ ಇಟ್ಟು ಕೂಲಂಟ್ ತುಂಬಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಸಡಿಲಿಸಿಡಿ. ನಂತರ ಎಂಜಿನ್ ಚಾಲೂ ಮಾಡಿ. ಸಾಮಾನ್ಯವಾಗಿ 80ರಿಂದ 95 ಡಿಗ್ರಿಯೊಳಗೆ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತದೆ; ಆಲಿಕೆಯಲ್ಲಿ ಮಟ್ಟ ತಟ್ಟನೆ ಇಳಿದರೆ ಅದೇ ಗುರುತು. ದಪ್ಪ ಕೈಗವಸು ಹಾಕಿ, ಫ್ಯಾನಿನಿಂದ ದೂರವಿದ್ದು, ರೇಡಿಯೇಟರ್‌ನ ಮೇಲಿನ ಹೋಸನ್ನು ಮೆಲ್ಲಗೆ ಹಿಸುಕಿ. ಹೀಟರ್‌ನಿಂದ ಬಿಸಿ ಗಾಳಿ ಬರತೊಡಗಿದರೆ ಕೆಲಸ ಹೆಚ್ಚುಕಡಿಮೆ ಮುಗಿದಂತೆ. ಆರಿದ ಮೇಲೆ ಮಟ್ಟ ನೋಡಿ ತುಂಬಿ.

ಎರಡು ಮೂರು ಸಲ ಹೀಗೆ ಮಾಡಿದರೂ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆ ಮತ್ತು ಬ್ಲಾಕ್ ನಡುವಿನ ಸೀಲು) ಸೋರುತ್ತಿರಬಹುದು. ಕೂಲಂಟ್‌ನಲ್ಲಿ ಹೊಗೆಯ ಅನಿಲ ಬೆರೆತಿದೆಯೇ ಎಂದು ತಡಮಾಡದೆ ಪರೀಕ್ಷೆ ಮಾಡಿಸಿ.